ಎಲ್ಲಾ ಮಷಿನ್ನಿಗೂ ಕೂಡುವ ಮಾಪು

ಮತ್ತೆ ಫೋನು ಬಂತು. ನಾಲ್ಕು ಸಾಲು ಬರೆಯೋಣ ಎಂದು ಕೂತರೆ ಸಾಕು, ಈ ಮನೆಯಲ್ಲಿ ಯಾವುದಾದರೂ ಒಂದು ಕೂಗಿಯೇ ತೀರುತ್ತದೆ: ಕುಕ್ಕರು, ಕೂಸು, ಅತ್ತೆ, ಫೋನು. ಈಗ ಫೋನು ಕೂಗಿದ್ದಕ್ಕೆ ಕೂಸು ಎದ್ದಿತು, ಕೂಸು ಅತ್ತಿದ್ದಕ್ಕೆ ಅತ್ತೆ ಎದ್ದರು.

‘ಯಾರದವಾ ಫೋನು?’

‘ಯಾರದೂ ಅಲ್ರಿ ಅತ್ಯಾರ. ರಾಂಗ್ ನಂಬರ್.’

ರಾಂಗ್ ನಂಬರ್ ಅಲ್ಲ. ಯಾರದೆಂದು ಕೊನೆಗೆ ಹೇಳುತ್ತೇನೆ. ಮೊದಲು ಮಷಿನ್ನಿನ ವಿಷಯ. ನಮ್ಮ ಮನೆಗೆ ಒಂದು ಒಳ್ಳೆಯ ವಸ್ತು ಬಂದರೆ ಅದನ್ನು ಇನ್ನೂ ಒಳ್ಳೆಯದು ಮಾಡಲು ಹೋಗಿ ಹಾಳು ಮಾಡುವುದು ಇಲ್ಲಿಯ ರೂಢಿ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಹಿಡಿದುಕೊಳ್ಳುತ್ತಾರೆ.

ಎರಡನೆಯ ಹೆರಿಗೆ ಆದ ಮೇಲೆ ನನ್ನ ಸೊಂಟ ಹಿಡಿದುಬಿಟ್ಟಿತು. ಡಾಕ್ಟರಮ್ಮ, ‘ಬಗ್ಗಿ ನೆಲಾ ಒರಸೂ ಕೆಲಸ ಬಂದ್ ಮಾಡ್ರಿ’ ಅಂದರು. ಮನೆಗೆ ಬಂದು ಹೇಳಿದರೆ ಅತ್ತೆ, ‘ಆ ಡಾಕ್ಟರ್ ಮನಿ ನೆಲಾ ಯಾರು ಒರಸ್ತಾರಂತ ಕೇಳಿ ಬರಬೇಕಿತ್ತು’ ಅಂದರು. ಈ ಮಾತು ಕಳ್ಳಕವಟಗಿಯಲ್ಲಿರುವ ನನ್ನ ತಮ್ಮನ ಕಿವಿಗೆ ಬಿತ್ತು. ಆ ವರ್ಷ ಅವನ ದ್ರಾಕ್ಷಿ ಚೆನ್ನಾಗಿ ಬಂದಿತ್ತು. ವೈರಿಲ್ಲದ, ಕೈಯಲ್ಲಿ ಹಿಡಿದು ನಿಂತುಕೊಂಡೇ ಕಸ ಎಳೆಯುವ ಮಷಿನ್ನೊಂದನ್ನು ತಂದುಕೊಟ್ಟ. ಅದು ನೆಟ್ಟಗಿದ್ದರೆ ನನ್ನ ಸೊಂಟ ನೆಟ್ಟಗೆ. ಅದು ಕೆಟ್ಟರೆ ಬಕೆಟ್ಟು, ಹಸಿ ಅರಿವೆ, ಮಂಡಿ ಊರಿದ ನಾನು. ಈ ಕಥೆಯಲ್ಲಿ ನನ್ನ ಸ್ವಾರ್ಥ ಇಷ್ಟೇ.

ಒಣಾ ಮಷಿನ್ನು

ಮಷಿನ್ನು ಧೂಳು ಎಳೆಯಿತು, ಕೂದಲು ಎಳೆಯಿತು, ಮಂಚದ ಕೆಳಗೆ ಬಿದ್ದಿದ್ದ ಶೇಂಗಾ ಸಿಪ್ಪೆಯನ್ನೂ ಎಳೆಯಿತು. ಅತ್ತೆ ಎಲ್ಲವನ್ನೂ ಕೂತು ನೋಡಿ, ‘ಎಲ್ಲಾ ಖರೆ. ಒರಸೂದು ಯಾವಾಗ?’ ಅಂದರು.

‘ಇದು ಒರಸೂದಿಲ್ರಿ.’

‘ಹಸಿ ಅರಬಿ ಮುಟ್ಟಲಾರದ್ದು ಅದ್ಯಾತರ ಮನಿ? ಒಣಾ ಮಷಿನ್ನು, ಒಣಾ ಸೊಸಿ.’

ನನ್ನ ಗಂಡನದು ಜೋರಾಪುರ ಪೇಟೆಯಲ್ಲಿ ಪೈಪು ಫಿಟಿಂಗ್ ಅಂಗಡಿ. ತಾಯಿಯ ದುಃಖ ನೋಡಲಾರದೆ ಅವರು ಅಂದೇ ಫೋನಿನಲ್ಲಿ ನೆಲ ಒರೆಸುವ ಒಂದು ಮಾಪು ತರಿಸಿದರು. ಮಷಿನ್ನಿನ ಮೂತಿ ಬಿಚ್ಚಿ ಆ ಜಾಗದಲ್ಲಿ ಇದನ್ನು ಸಿಕ್ಕಿಸಬೇಕು. ಮೇಲೊಂದು ನೀರಿನ ಡಬ್ಬಿ, ಕೆಳಗೆ ತಿರುಗುವ ಎರಡು ಬಟ್ಟೆ ಚಕ್ರ. ಡಬ್ಬದ ಮೇಲೆ ಕಂಪನಿಯ ಹೆಸರಿರಲಿಲ್ಲ. ‘ಎಲ್ಲಾ ಮಷಿನ್ನಿಗೂ ಕೂಡುತ್ತದೆ’ ಎಂದು ಮಾತ್ರ ಇತ್ತು. ಹೆಸರು ಹೇಳದೆ ಎಲ್ಲರಿಗೂ ಕೂಡುತ್ತೇನೆ ಅನ್ನುವವರನ್ನು ನಾವು ಮನೆಯೊಳಗೆ ಬಿಟ್ಟುಕೊಳ್ಳುತ್ತೇವೆಯೇ? ವಸ್ತುವನ್ನಾದರೆ ಬಿಟ್ಟುಕೊಳ್ಳುತ್ತೇವೆ.

ನಾನು ಮಷಿನ್ನಿನ ಜೊತೆ ಬಂದ ಪುಸ್ತಕ ತೆಗೆದು ತೋರಿಸಿದೆ. ಒಳಗೆಲ್ಲಾ ಇಂಗ್ಲಿಷು, ಆದರೆ ಒಂದು ಪುಟದಲ್ಲಿ ಮಷಿನ್ನು, ಅದರ ಪಕ್ಕ ನೀರಿನ ಹನಿ, ಹನಿಯ ಮೇಲೆ ಬೇಡ ಎನ್ನುವ ದೊಡ್ಡದೊಂದು ಕಾಟು ಇತ್ತು. ಹತ್ತನೇ ತರಗತಿ ಓದಿದ ನನಗೆ ಅಷ್ಟು ತಿಳಿಯಿತು. ಬಿಕಾಂ ಓದಿದ ಗಂಡ, ‘ಆ ಚಿತ್ರಾ ಸಾಲಿ ಕಲಿಲಾರದವರಿಗೆ ಹಾಕಿರ್ತಾರ’ ಅಂದರು.

ಮಾಪು ಸಿಕ್ಕಿಸಿದರೆ ಗಡಗಡ ಅಲುಗಾಡಿತು. ಗಂಡನ ಮುಖ ಅರಳಿತು. ಅಲುಗಾಡುವ ಪೈಪು ಕಂಡರೆ ಅವರಿಗೆ ಹಬ್ಬ. ಅಂಗಡಿಯಿಂದ ಬಿಳಿ ಟೆಫ್ಲಾನ್ ಟೇಪು ತಂದು ಅದರ ಕುತ್ತಿಗೆಗೆ ಸುತ್ತಿದರು, ಮತ್ತೆ ಸುತ್ತಿದರು.

‘ನೀರು ಮ್ಯಾಲ ಏರಿ ಮೋಟರಿಗೆ ಹೋದ್ರ?’ ಅಂದೆ.

‘ಏ, ಬೋರ್‌ವೆಲ್ ನೀರು ತಡೀತೈತಿ ಈ ಟೇಪು. ಒಂದು ಬಟ್ಟಲಾ ನೀರು ತಡಿಯೂದಿಲ್ಲೇನು?’

ಹೆಂಡತಿಯ ಬಾಯಿಗೆ ಸುತ್ತುವ ಟೇಪೊಂದು ಬಂದಿದ್ದರೆ ನಮ್ಮ ಅಂಗಡಿಯಲ್ಲಿ ಅದು ಗಿರಾಕಿಯ ತನಕ ಉಳಿಯುತ್ತಿರಲಿಲ್ಲ.

ಒಣಗಿದ ಕೂಸು

ಡಬ್ಬಿ ಸೋರುತ್ತಿತ್ತು. ಮಷಿನ್ನು ನಡೆದಲ್ಲೆಲ್ಲಾ ಫರ್ಸಿ ನೆಲದ ಮೇಲೆ ನೀರಿನ ಸಣ್ಣ ಗೆರೆ, ನಿಂತಲ್ಲಿ ಸಣ್ಣ ಮಡು. ಅತ್ತೆ ಮೊದಲ ಮಡು ಕಂಡು, ‘ಕೂಸು ಉಚ್ಚಿ ಹೊಯ್ದೈತಿ ನೋಡು’ ಅಂದರು. ಹೋಗಿ ನೋಡಿದೆ, ಕೂಸು ಒಣಗೇ ಇತ್ತು. ಅಡುಗೆ ಮನೆಯ ಹತ್ತಿರ ಇನ್ನೊಂದು ಮಡು. ‘ಮತ್ತ ಹೊಯ್ತು!’

‘ಅತ್ಯಾರ, ಕೂಸು ತೊಟ್ಟಿಲದಾಗ ಐತ್ರಿ. ಅಡಗಿ ಮನಿ ತನಕಾ ಹೆಂಗ ಹೊಯ್ತೈತ್ರಿ?’

‘ನಮ್ಮ ವಂಶದ ಗಂಡಸ ಮಗಾ ಐತಿ. ಹೊಯ್ತೈತಿ.’

ಸಂಜೆ ಗಂಡ ಅಂಗಡಿಯಿಂದ ಬಂದು ಬಾಗಿಲಲ್ಲಿ ಕಾಲಿಟ್ಟರು, ಜಾರಿದರು, ಟೀಪಾಯಿ ಹಿಡಿದು ಉಳಿದುಕೊಂಡರು. ಆಮೇಲೆ ನೆಲವನ್ನೂ ಟೇಪನ್ನೂ ನೋಡಿದವರು ತಾಯಿಯ ಕಡೆ ತಿರುಗಿ, ‘ಯವ್ವಾ, ಕೂಸಿಗೆ ಇಷ್ಟು ನೀರು ಕುಡಸಬ್ಯಾಡ್ರಿ’ ಅಂದರು.

ತಿಕೋಟಾದ ನೊರೆ

ನನ್ನ ನಾದಿನಿ ತಿಕೋಟಾದಲ್ಲಿ ಹೈಸ್ಕೂಲ್ ಟೀಚರ್. ಪಾಠ ಮಾಡುವುದು ವಿಜ್ಞಾನ. ಅವಳ ಮನೆಗೆ ಬೀಗರು ಬರುವವರಿದ್ದರು. ‘ವೈನಿ, ಮಾಪಿನ ಮಷಿನ್ ಒಂದಿನಾ ಕೊಡ್ರಿ’ ಅಂದಳು. ನನಗೆ ಮನಸ್ಸಿರಲಿಲ್ಲ. ಅತ್ತೆಯೇ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಗಳನ್ನು ಕಳಿಸುವ ಹಾಗೆ ಕಳಿಸಿದರು.

ಮರುದಿನ ಫೋನು. ‘ವೈನಿ, ನಿಮ್ಮ ಮಷಿನ್ ನೊರಿ ಕಾರಾಕತ್ತೈತ್ರಿ!’

‘ಏನ ಹಾಕಿದಿ ಡಬ್ಬಿಗೆ?’

‘ಬಿಸಿನೀರು, ಒಂದೀಟು ಅರಬಿ ಒಗಿಯೂ ಪುಡಿ. ಭಾಳಲ್ಲ, ಒಂದು ಬಟ್ಟಲಾ.’

‘ಬಂದ್ ಮಾಡು ಮೊದಲು!’

‘ಬಂದ್ ಮಾಡಿದ್ರೂ ತಿರಗಾಕತ್ತೈತ್ರಿ. ಬೀಗರು ಕುರ್ಚಿ ಮ್ಯಾಲ ಕಾಲ ಎತ್ತಿ ಕುಂತಾರ!’

ನೀರು ಸ್ವಿಚ್ಚಿನ ತನಕ ಏರಿತ್ತು. ಗಾಳಿ ಬಿಡುವ ಕಿಂಡಿಯಿಂದ ನೊರೆ, ಅದರ ಹಿಂದೆ ಬೀಗರ ಕೂಗು. ಬ್ಯಾಟರಿ ಮುಗಿಯುವ ತನಕ ಮಷಿನ್ನು ಆ ಕೋಣೆಯ ಯಜಮಾನಿಯಾಗಿತ್ತು. ಕೊನೆಗೆ ಬೀಗತಿ ಕಾಲಿಳಿಸಿ, ‘ನೀವು ಕೈಲೇ ಒರಸಿದ್ರೂ ನಾವು ಏನೂ ಅನ್ನತಿದ್ದಿಲ್ಲ’ ಅಂದರಂತೆ.

ನಾದಿನಿ ಅದನ್ನು ಮಾಳಿಗೆಯ ಬಿಸಿಲಲ್ಲಿ ಒಣಗಿಸಿ ತಂದುಕೊಟ್ಟಳು. ಮುಖದಲ್ಲಿ ಸ್ವಲ್ಪವೂ ನಾಚಿಕೆ ಇಲ್ಲ. ‘ವೈನಿ, ಹೊರಗಿಂದ ನೀವು ದಿನಾ ಒರಸ್ತಿದ್ರಿ. ನಾ ಒಳಗಿಂದೂ ಒಗದು ತಂದೇನಿ ನೋಡ್ರಿ.’

ಸೋಸಿ ಹಾಕಿದ್ದು

ಇಷ್ಟಾದರೂ ಮಷಿನ್ನು ಸತ್ತಿರಲಿಲ್ಲ. ಬಾಣಂತಿಯ ಹಾಗೆ ನರಳುತ್ತಾ ಕೆಲಸ ಮಾಡುತ್ತಿತ್ತು. ನನಗೂ ಅದಕ್ಕೂ ಆಗ ಒಂದು ತಿಳಿವಳಿಕೆ ಬಂದಿತ್ತು.

ಆಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಮನೆಯೆಲ್ಲ ಗಂಜಳ ಚಿಮುಕಿಸಿ ಒರೆಸಬೇಕು ಎಂಬುದು ಅತ್ತೆಯ ನೇಮ. ಪೇಟೆಯ ಆಕಳು ಪ್ಲಾಸ್ಟಿಕ್ ತಿನ್ನುತ್ತದೆ, ಅದರ ಗಂಜಳ ನಡೆಯುವುದಿಲ್ಲ. ಹೀಗಾಗಿ ಹಿಂದಿನ ದಿನ ಬಬಲೇಶ್ವರದ ಬಸ್ಸು ಹತ್ತಿ ತಮ್ಮ ತವರು ಸಾರವಾಡಕ್ಕೆ ಹೋಗಿ, ನೀರಿನ ಬಾಟಲಿಯಲ್ಲಿ ತುಂಬಿಸಿಕೊಂಡು, ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದರು.

ಬೆಳಿಗ್ಗೆ ನಾನು ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದೆ. ಹೊರಗೆ ಮಷಿನ್ನಿನ ಸದ್ದು ಕೇಳಿಸಿತು. ಅತ್ತೆ ಅದನ್ನು ಅಂದೇ ಮೊದಲ ಸಲ ಕೈಯಲ್ಲಿ ಹಿಡಿದಿದ್ದರು. ನನಗೆ ಕಣ್ಣು ತುಂಬಿ ಬಂತು. ಸೊಸೆಯ ಸೊಂಟದ ಮೇಲೆ ಇವರಿಗೂ ಕರುಣೆ ಬಂತಲ್ಲ ಅಂದುಕೊಂಡೆ. ಆಮೇಲೆ ವಾಸನೆ ಬಂತು. ಕಣ್ಣು ತುಂಬಿದ್ದು ಯಾತಕ್ಕೆಂದು ಆಗ ತಿಳಿಯಿತು.

ಡಬ್ಬಿಯಲ್ಲಿ ಗಂಜಳ, ಜೊತೆಗೆ ಪುಣ್ಯಕ್ಕೆಂದು ಒಂದಿಷ್ಟು ಸಗಣಿ ಕಲಸಿದ ನೀರು. ಅದು ಟೇಪು ದಾಟಿ ಮೋಟರಿಗೆ ಏರಿ, ಹಿಂದಿನ ಕಿಂಡಿಯಿಂದ ಗಾಳಿಯಾಗಿ ಇಡೀ ಮನೆಗೆ ಬೀಸುತ್ತಿತ್ತು. ನಾನು ಓಡಿ ಬರುವಷ್ಟರಲ್ಲಿ ಮಷಿನ್ನು ‘ಟಪ್’ ಎಂದು ನಿಂತಿತು. ನನ್ನ ಸೊಂಟವೂ ಅದರ ಜೊತೆಯೇ ‘ಟಪ್’ ಅಂದಂತಾಯಿತು.

ಅತ್ತೆ ಮಾತ್ರ ಮೂಗು ಎತ್ತಿ ಉಸಿರೆಳೆದುಕೊಂಡು, ‘ಏನರ ಅನ್ನು, ಕೈಲೇ ಚಿಮಕಿಸಿದ್ರ ಇಷ್ಟು ಮೂಲಿ ಮೂಲಿಗೆ ಮುಟ್ಟತಿದ್ದಿಲ್ಲ’ ಅಂದರು.

ವಾರಂಟಿ

ಸರ್ವಿಸ್ ಸೆಂಟರಿಗೆ ಮೂವರೂ ಹೋದೆವು. ಗಂಡ ಮಾಪನ್ನು ಮನೆಯಲ್ಲಿ ಅಟ್ಟದ ಮೇಲೆ ಅಡಗಿಸಿ, ಟೇಪು ಬಿಚ್ಚಿ, ದಾರಿಯುದ್ದಕ್ಕೂ ನಮಗೆ ಕಲಿಸಿದ್ದರು: ‘ವಾರಂಟಿ ಐತಿ. ಯಾರೂ ಬಾಯಿ ಬಿಡಬ್ಯಾಡ್ರಿ. ತಾನ ಬಂದ್ ಆತು ಅನ್ರಿ.’

ಮೆಕ್ಯಾನಿಕ್ಕು ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡಿದ್ದ. ‘ಬ್ಯಾರೆ ಕಂಪನಿದು ಏನರ ಹಚ್ಚಿದ್ರೇನ್ರಿ?’

‘ಛೇ ಛೇ,’ ಅಂದರು ಗಂಡ.

ಅವನು ಚಿಮಟಿಯಿಂದ ಮಷಿನ್ನಿನ ಗಂಟಲೊಳಗೆ ಉಳಿದಿದ್ದ ಬಿಳಿ ಟೇಪಿನ ತುದಿ ಹಿಡಿದು ಎಳೆದ. ಅದು ಬರುತ್ತಲೇ ಇತ್ತು, ಶಾವಿಗೆ ಹೊಸೆದ ಹಾಗೆ. ‘ಇದು?’

‘ಅದು ಮೊದಲಿಂದ ಇತ್ತರಿ. ಕಂಪನಿದ.’

ಅವನು ಮೇಲಿನ ಮುಚ್ಚಳ ಬಿಚ್ಚಿದ. ಬಿಚ್ಚಿದವನು ಎದ್ದು ಹೊರಗೆ ಹೋಗಿ ಎಲೆ ಅಡಿಕೆ ಉಗುಳಿ ಬಂದ. ‘ಅಣ್ಣಾರ, ಇದನ್ನ ಮನ್ಯಾಗ ಇಟ್ಟಿದ್ರೋ, ಕೊಟಗಿಯೊಳಗ ಕಟ್ಟಿದ್ರೋ? ಎಂಥಾ ಹೊಲಸು ನಾತರಿ ಇದು!’

ಅತ್ತೆ ಅಲ್ಲಿಯ ತನಕ ಕಲಿಸಿದ್ದನ್ನು ಪಾಲಿಸಿದ್ದರು. ಹೊಲಸು ಎಂಬ ಮಾತು ಕೇಳಿ ಕುರ್ಚಿಯಿಂದ ಎದ್ದರು. ‘ಏ ಯಪ್ಪಾ, ನಾಲಿಗಿ ಬಿಗಿ ಹಿಡಿದು ಮಾತಾಡು. ಹೊಲಸಂತ ಹೊಲಸು! ಸಾರವಾಡದ ಆಕಳದು ಐತಿ. ನಾನ ಕೈಯಾರೆ ಅರಬಿಲೆ ಸೋಸಿ ಹಾಕೇನಿ.’

ಗಂಡ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಮೆಕ್ಯಾನಿಕ್ಕು ಕೈ ಮುಗಿದ. ‘ಅವ್ವಾರ, ಸೋಸಿದ್ರೂ ವಾರಂಟಿ ಹೋಗತೈತ್ರಿ.’

ಹೊಸ ಮೋಟರು ಬೇರೆ ಊರಿಂದ ಬರಬೇಕು, ತಡವಾಗುತ್ತದೆ ಅಂದ. ಮನೆಗೆ ಬಂದವಳೇ ಬಕೆಟ್ಟಿಗೆ ನೀರು ತುಂಬಿ, ಅರಿವೆ ಹಾಕಿ, ಗಂಡನ ಮುಂದಿಟ್ಟೆ. ‘ಮಾಪು ತಂದಾವ್ರು ನೀವು, ಟೇಪು ಸುತ್ತಿದಾವ್ರು ನೀವು. ಮಷಿನ್ ಬರೂತನಾ ನೀವ ಮಾಪು.’

ಅತ್ತೆ ಓಡಿ ಹೋಗಿ ಬೀದಿ ಬಾಗಿಲು ಹಾಕಿದರು, ಯಾರಾದರೂ ನೋಡಿಯಾರೆಂದು. ಗಂಡ ಮೊದಲು ಮುಂದೆ ಮುಂದೆ ಒರೆಸಿ, ಒರೆಸಿದ್ದನ್ನೆಲ್ಲ ತುಳಿದರು. ಆಮೇಲೆ ಹಿಂದೆ ಸರಿಯುವುದನ್ನು ಕಲಿತರು. ಈಗ ಮಂಚ ಸರಿಸಿ, ನಾನು ಎಂದೂ ಒರೆಸದ ಮೂಲೆಯನ್ನೂ ಒರೆಸುತ್ತಾರೆ. ಹಸಿ ಫರ್ಸಿಯ ಮೇಲೆ ಹೆತ್ತ ತಾಯಿ ಕಾಲಿಟ್ಟರೂ, ‘ಯವ್ವಾ, ಕಣ್ಣ ಕಾಣಸೂದಿಲ್ಲೇನು? ಈಗ ಒರಸೇನಿ!’ ಎಂದು ಚೀರುತ್ತಾರೆ. ನನ್ನ ಸೊಂಟ ಮದುವೆಯ ಕಾಲದಲ್ಲಿ ಇದ್ದಷ್ಟು ಸುಖವಾಗಿದೆ.

ಅತ್ತೆಯೂ ಬದಲಾಗಿದ್ದಾರೆ. ‘ದಿನಾ ಒರಸಲಿಕ್ಕೇ ಬೇಕೇನವಾ? ಒಣಾ ಕಸಾ ತಗದ್ರೂ ಸಾಕು. ಆ ಮಷಿನ್ ಬಂತೇನು ನೋಡು’ ಎಂದು ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಾರೆ. ‘ಮೋಟರ್ ಇನ್ನೂ ಬಂದಿಲ್ಲಂತ್ರಿ’ ಅನ್ನುತ್ತೇನೆ.

ಇಗೋ, ಮತ್ತೆ ಅದೇ ಫೋನು. ಈ ಸಲ ಎತ್ತಿದೆ. ಒಳಗೆ ಗಂಡ ಅರಿವೆ ಹಿಂಡುವ ಸದ್ದು ಕೇಳುತ್ತಿತ್ತು. ಮೆಕ್ಯಾನಿಕ್ಕು ಪಾಪ, ಬೇಸರವನ್ನು ನುಂಗಿಕೊಂಡು ಮರ್ಯಾದೆಯಿಂದಲೇ ಕೇಳಿದ:

‘ಅಕ್ಕಾರ, ಮಷಿನ್ ರೆಡಿ ಆಗಿ ಭಾಳ ದಿವಸ ಆತ್ರಿ. ಯಾವಾಗ ಬಂದು ಒಯ್ತೀರಿ?’