ಅಣ್ಣನ ಎಡೆಯ ಬೀಡಿ

ಬೀಡಿ ಬಿಡುವುದು ಬಲು ಸುಲಭ ಎಂದು ನನಗೆ ಬುದ್ಧಿ ಹೇಳಿದವರಲ್ಲಿ ಬೀಡಿ ಸೇದುತ್ತಿದ್ದವರು ಒಬ್ಬರೂ ಇರಲಿಲ್ಲ. ಸಿಹಿ ಬಿಡುವುದು ಇನ್ನೂ ಸುಲಭ ಎಂದವರು ಬಾಯಿ ತುಂಬ ಮೈಸೂರುಪಾಕು ಇಟ್ಟುಕೊಂಡೇ ಹೇಳಿದರು. ಎರಡರಲ್ಲಿ ಒಂದನ್ನು ಬಿಡುವವನಿಗೆ ಇನ್ನೊಂದರ ಆಸರೆಯಾದರೂ ಇರುತ್ತದೆ. ಬೀಡಿ ಬಿಟ್ಟವನು ಪೆಪ್ಪರ್‌ಮೆಂಟು ಚೀಪುತ್ತಾನೆ. ಸಿಹಿ ಬಿಟ್ಟವನು ಊಟವಾದ ಮೇಲೆ ಒಂದು ಬೀಡಿ ಹಚ್ಚಿ ಮನಸ್ಸು ಸಮಾಧಾನ ಮಾಡಿಕೊಳ್ಳುತ್ತಾನೆ. ಎರಡನ್ನೂ ಒಟ್ಟಿಗೆ ಬಿಡಬೇಕಾಗಿ ಬಂದವನ ಪಾಡು ಮಾತ್ರ ಅತ್ತ ದರಿ, ಇತ್ತ ಪುಲಿ. ನಾನು ಆ ಪಂಗಡಕ್ಕೆ ಸೇರಿದವನು. ಕಬ್ಬಿನ ಸೀಮೆಯಲ್ಲಿ ಹುಟ್ಟಿ, ಆಲೆಮನೆಯ ಬಿಸಿ ಬೆಲ್ಲ ನೆಕ್ಕಿ ಬೆಳೆದು, ನಲವತ್ತೈದು ತುಂಬುವಷ್ಟರಲ್ಲಿ ಸಕ್ಕರೆ ಕಾಯಿಲೆ ಹಿಡಿಸಿಕೊಂಡು, ಈಗ ಯಾರಾದರೂ ಪ್ರೀತಿಯಿಂದ ಒಂದು ಜಲ್ಲೆ ಕಬ್ಬು ಕೊಟ್ಟರೆ ಅದನ್ನು ಊರುಗೋಲು ಮಾಡಿಕೊಂಡು ಮನೆಗೆ ಬರುವವನು.

ನನ್ನ ಕೆಲಸ ನಾಗಮಂಗಲದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಿಕೆ, ಸಂಸಾರ ಪಾಂಡವಪುರದಲ್ಲಿ. ದಿನಾ ಬಸ್ಸು. ಒದೆಯುವ ಎಮ್ಮೆಗೂ ಹಾಯುವ ಹೋರಿಗೂ ಸೂಜಿ ಚುಚ್ಚಿ ಬಂದ ಶೂರ ನಾನು. ಆದರೆ ಶ್ರೀರಂಗಪಟ್ಟಣದ ಡಾಕ್ಟರು ರಕ್ತ ತೆಗೆಯಲು ನನ್ನ ತೋಳಿಗೆ ಹತ್ತಿ ಒತ್ತಿದ ಕೂಡಲೇ ಮುಖ ಗೋಡೆಯ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತೇನೆ. ಎಮ್ಮೆಗಳಾದರೂ ಕಣ್ಣು ಬಿಟ್ಟುಕೊಂಡೇ ಚುಚ್ಚಿಸಿಕೊಳ್ಳುತ್ತವೆ. ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಕಿರುಬೆರಳಿಗೆ ಗಾಯವಾಗಿ, ವಾರಗಟ್ಟಲೆ ಕಳೆದರೂ ಮಾಯದಿದ್ದಾಗ ಅವರ ಹತ್ತಿರ ಹೋಗಿದ್ದೆ. ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬೀಡಿ ಎಷ್ಟು?" ಎಂದರು. ಎಂಟೋ ಹತ್ತೋ ಎಂದೆ. ನನ್ನ ಮುಖವನ್ನೂ ನೋಡದೆ, "ಅಂದ್ರೆ ಒಂದು ಕಟ್ಟು" ಎಂದು ಬರೆದುಕೊಂಡರು. ಆಮೇಲೆ ಕನ್ನಡಕ ತೆಗೆದು, "ಸಕ್ಕರೆ ಕಾಲಿನ ರಕ್ತನಾಳ ಕಟ್ಟಿಸ್ತಾ ಬರುತ್ತೆ. ಬೀಡಿ ಅದಕ್ಕೆ ಗಾರೆ ಮೆತ್ತುತ್ತೆ. ಸೇದೋದಾದ್ರೆ ಸೇದಿ ಪುಟ್ಟಸ್ವಾಮಿ, ನಾನೇನೂ ಬೇಡ ಅನ್ನಲ್ಲ. ಯಾವ ಕಾಲು ಮೊದಲು ಅನ್ನೋದನ್ನ ಮಾತ್ರ ಈಗಲೇ ಹೇಳಿಬಿಡಿ" ಎಂದರು.

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ನಕ್ಕು ಎದ್ದು ಬರುತ್ತಿದ್ದರು. ನನಗೆ ನಗಲಾಗಲಿಲ್ಲ. ಕಿಕ್ಕೇರಿಯ ಪಕ್ಕದ ನಮ್ಮೂರಿನಲ್ಲಿ ಕಬ್ಬು ಬೆಳೆದುಕೊಂಡಿದ್ದ ನಮ್ಮಣ್ಣನಿಗೂ ಇದೇ ಕಾಯಿಲೆ, ಇದೇ ಬೀಡಿ. ಕಟಾವು ಮಾಡಿದ ಗದ್ದೆಯಲ್ಲಿ ನಡೆಯುವಾಗ ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿತು. ಅರಿಶಿನ ಮೆತ್ತಿದ, ಸುಣ್ಣ ಮೆತ್ತಿದ, ಸೊಪ್ಪು ಅರೆದು ಕಟ್ಟಿದ. ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಮಂಡಿಯಿಂದ ಕೆಳಗೆ ಯಾವುದೂ ಉಳಿಯುವ ಹಾಗಿರಲಿಲ್ಲ. ಕಾಲು ತೆಗೆಸಿಕೊಂಡು ಮನೆಗೆ ಬಂದವನು ಮಂಚದ ಮೇಲೆ ಕೂತ ಕೂಡಲೇ ಬೀಡಿ ಕೇಳಿದ. ನಾನು ರೇಗಿದೆ. "ಇನ್ನೊಂದ್ ಕಾಲೈತಲ್ಲ, ಬುಡ್ಲಾ" ಎಂದು ನಕ್ಕ. ಆ ಇನ್ನೊಂದು ಕಾಲನ್ನು ಕತ್ತರಿಸುವ ಕಷ್ಟವನ್ನು ಅವನು ಯಾರಿಗೂ ಕೊಡಲಿಲ್ಲ. ನಾನು ಡಾಕ್ಟರ ಮಾತು ಕೇಳಿ ಬಂದ ಸ್ವಲ್ಪ ದಿನಕ್ಕೇ, ಸಂಕ್ರಾಂತಿ ಕಳೆದ ಮೇಲೆ, ಪಾಂಡವಪುರದ ಎಸ್‌ಟಿಡಿ ಬೂತಿನವನು ಮನೆಯವರೆಗೂ ಓಡಿ ಬಂದು ಸುದ್ದಿ ಹೇಳಿದ.

ಅಣ್ಣನ ತಿಥಿ ಮುಗಿಸಿಕೊಂಡು ಬಂದ ಮಾರನೆಯ ದಿನವೇ ನಾನು ಬೀಡಿ ಬಿಟ್ಟೆ. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಬಾಷಾ ಸಾಬರ ಪೆಟ್ಟಿಗೆ ಅಂಗಡಿ ಇದೆ. ನನ್ನ ತಲೆ ಕಂಡರೆ ಸಾಕು, ಕೇಳದೆಯೇ ಒಂದು ಕಟ್ಟು ತೆಗೆದಿಡುವುದು ಅವರ ವಾಡಿಕೆ. ಅಂದು ಬೇಡ, ಬಿಟ್ಟಿದ್ದೇನೆ ಎಂದೆ. "ಅರೇ, ಭೋತ್ ಅಚ್ಛಾ ಆಯ್ತು ಬುಡಿ ಸಾರ್" ಎಂದು ಸಂತೋಷಪಟ್ಟು, ವ್ಯಾಪಾರ ಕೆಡಬಾರದೆಂದೋ ನನ್ನ ಮೇಲಿನ ವಿಶ್ವಾಸಕ್ಕೋ ಒಂದು ಪೆಪ್ಪರ್‌ಮೆಂಟು ಮುಂದೆ ಹಿಡಿದರು. ಶುಗರು ಸಾಬ್ರೇ ಎಂದೆ. ಕಡ್ಲೆಮಿಠಾಯಿ ಡಬ್ಬಿಗೆ ಕೈ ಹಾಕಿದರು. ಅದೂ ಶುಗರೇ ಎಂದೆ. ಸಿಹಿ ಅಡಿಕೆ ಪೊಟ್ಟಣ ತೆಗೆದು, ಅದರ ಹೆಸರನ್ನು ತಾವೇ ಓದಿಕೊಂಡು, ತಾವೇ ವಾಪಸಿಟ್ಟರು. ಅಂಗಡಿಯ ತುಂಬ ಒಂದು ಸಲ ಕಣ್ಣಾಡಿಸಿ, "ನಿಮಗೆ ಕೊಡಾಕೆ ನಮ್ಮ ದುಕಾನಲ್ಲಿ ಏನೂ ಇಲ್ಲ ಸಾರ್. ಸಾಬೂನೈತೆ, ಲವಂಗ ಐತೆ" ಎಂದರು. ಲವಂಗ ತೆಗೆದುಕೊಂಡೆ.

ಲವಂಗ ಬಾಯಿಯನ್ನು ಸುಟ್ಟಿತೇ ಹೊರತು ಚಪಲವನ್ನು ಸುಡಲಿಲ್ಲ. ಹಲ್ಲುನೋವಿನವನ ಹಾಗೆ ಸದಾ ಒಂದು ಕೆನ್ನೆ ಒತ್ತಿಕೊಂಡು ಓಡಾಡಿದೆ. ಸಿಡುಕು ಹೆಚ್ಚಾಯಿತು. ಆಸ್ಪತ್ರೆಗೆ ಹಸು ಹಿಡಿದುಕೊಂಡು ಬಂದ ರೈತರು ಹಸುವಿನ ಕಾಯಿಲೆ ಹೇಳುವುದಕ್ಕೆ ಮೊದಲು ನನ್ನ ಮುಖ ನೋಡಿ, "ಮೈಗುಸಾರಿಲ್ವಾ ಸಾ?" ಎಂದು ವಿಚಾರಿಸಿದರು. ಇವೆಲ್ಲಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಬಸ್‌ಸ್ಟ್ಯಾಂಡಿನ ಬೇವಿನಮರದ ಕೆಳಗೆ ನಮ್ಮದೊಂದು ಗುಂಪು. ಯಾರು ಯಾವ ಊರು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿದೆ, ಎಲ್ಲವೂ ಅಲ್ಲಿ "ಬೆಂಕಿ ಐತಾ?" ಎಂಬ ಒಂದು ಮಾತಿನಿಂದ ಶುರುವಾಗುತ್ತಿತ್ತು. ಜೇಬಿನಲ್ಲಿ ಬೆಂಕಿಪೊಟ್ಟಣವಿಲ್ಲದ ನಾನು ಈಚೆಯ ಕಲ್ಲುಬೆಂಚಿನ ಮೇಲೆ ಒಬ್ಬನೇ ಕೂತು ಕಿರುಬೆರಳನ್ನು ನೋಡಿಕೊಳ್ಳತೊಡಗಿದೆ. ಗಾಯ ನಿಧಾನವಾಗಿ ಒಣಗುತ್ತಿತ್ತು. ಬೆರಳು ಉಳಿಯಿತೆಂದು ಖುಷಿಯಾಗಬೇಕಾಗಿತ್ತು, ಆದರೆ ಆ ಖುಷಿಯನ್ನು ಹಂಚಿಕೊಳ್ಳಲು ಒಂದು ಬೀಡಿ ಬೇಕೆನಿಸುತ್ತಿತ್ತು.

ಹೀಗೆ ಮಳೆಗಾಲ ಕಳೆದು ಪಿತೃಪಕ್ಷ ಬಂತು. ನಮ್ಮ ಕಡೆ ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆಯೆಲೆಯ ಮೇಲೆ ಬಡಿಸಿ ಎಡೆ ಇಡುತ್ತೇವೆ. ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ. ಬದುಕಿದ್ದಾಗ ಬೇಡ ಬೇಡ ಎಂದು ಕೈ ಹಿಡಿದ ಹೆಂಡತಿ ಮಕ್ಕಳೇ ಸತ್ತ ಮೇಲೆ ಕರೆದು ಬಡಿಸುವ ಹಬ್ಬ ಇದು. ಡಾಕ್ಟರ ಚೀಟಿ ಅಲ್ಲಿಯವರೆಗೆ ನಡೆಯುವುದಿಲ್ಲ. ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಗಂಡನ ಮನೆಯಲ್ಲಿದ್ದಾರೆ. ಎಡೆ ಇಡಬೇಕಾದವನು ನಾನೇ. ನನ್ನ ಹೆಂಡತಿ ಜಯಮ್ಮನನ್ನು ಕರೆದುಕೊಂಡು ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿ ಊರಿಗೆ ಹೋದೆ. ಊರಿಗೆ ಹೋದರೆ ಒಂದಲ್ಲ ಒಂದು ಹಸು ತೋರಿಸುತ್ತಾರಾದ್ದರಿಂದ ಔಷಧಿಯ ಚೀಲ ಜೊತೆಗಿತ್ತು.

ಜಗುಲಿಯ ಕೆಳಗೆ ಅಣ್ಣನ ಚಪ್ಪಲಿಗಳು ಇನ್ನೂ ಇದ್ದವು, ಎರಡೂ. ಒಳಗೆ ಅತ್ತಿಗೆ ಅವನ ಪಟದ ಮುಂದೆ ಹೊಸ ಪಂಚೆ ಇಟ್ಟು, ಮುದ್ದೆ, ಬಾಡಿನ ಸಾರು, ವಡೆ ಬಡಿಸಿದ್ದರು. ಸಾರಾಯಿ ಪ್ಯಾಕೆಟ್ಟು ಒಂದು ಮೂಲೆಗಿತ್ತು. ಎಲೆಯ ತುದಿಯಲ್ಲಿ ಕಜ್ಜಾಯದ ರಾಶಿ. ಅಷ್ಟು ಬೆಲ್ಲವನ್ನು ಕಂಡು ನನಗೆ ಕಾಲಿನ ಬೆರಳು ಜುಮ್ಮೆಂದಿತು. ಕಜ್ಜಾಯದ ಪಕ್ಕದಲ್ಲಿ ಬೀಡಿ ಕಟ್ಟು. ಅತ್ತಿಗೆ ಅದರಿಂದ ಒಂದನ್ನು ಎಳೆದು ನನ್ನ ಕೈಗೆ ಕೊಟ್ಟು, "ಹಚ್ಚಿಡಪ್ಪ ಪುಟ್ಸಾಮಿ" ಎಂದರು.

"ಅಂಗೇ ಇಡಾನ ಬುಡಿ ಅತ್ಗೆ. ಬೆಂಕಿಪೊಟ್ಣ ಪಕ್ಕದಲ್ಲಿಟ್ರಾಯ್ತು" ಎಂದೆ.

"ಅವ್ರು ಯಾವತ್ ತಾವೇ ಕಡ್ಡಿ ಗೀರವ್ರೆ? ಒಲೇಲಿ ಹಚ್ಕೊಂಡ್ಬಂದು ಕೊಡ್ತಿದ್ದೋಳು ನಾನು. ಈಗ ಅಷ್ಟು ದೂರದಿಂದ ಬಂದು ಕಡ್ಡಿ ಉಡುಕ್ಬೇಕಾ? ಎಡೆ ಇಡೋ ಗಂಡುಸು ನೀನು, ನೀನೇ ಹಚ್ಚು."

ಬೀಡಿಯ ಗುಣ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಅದು ಊದುಬತ್ತಿಯ ಹಾಗಲ್ಲ. ಬೆಂಕಿಗೆ ಹಿಡಿದರೆ ತುದಿ ಕರಕಾಗುತ್ತದೆ, ಅಷ್ಟೆ. ಹಿಂದಿನಿಂದ ಒಬ್ಬ ಉಸಿರು ಎಳೆದರೆ ಮಾತ್ರ ಹತ್ತುತ್ತದೆ. ಜಯಮ್ಮ ಗೋಡೆಗೆ ಒರಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ದೀಪಕ್ಕೆ ಹಿಡಿದೆ, ಕೆಂಡಕ್ಕೆ ಹಿಡಿದೆ. ಎರಡೂ ಸಲ ತುದಿ ಕಪ್ಪಾಗಿ ಆರಿತು. ಆಗ ನನಗೆ ಔಷಧಿಯ ಚೀಲ ನೆನಪಾಯಿತು. ಎಮ್ಮೆಗಳಿಗೆ ಬಳಸುವ ದೊಡ್ಡ ಗಾಜಿನ ಸಿರಿಂಜು ತೆಗೆದು, ಸೂಜಿ ಕಳಚಿ, ಅದರ ಮೂತಿಗೆ ಬೀಡಿ ಸಿಕ್ಕಿಸಿ, ದೀಪಕ್ಕೆ ಹಿಡಿದು ಹಿಂದಿನ ಹಿಡಿಕೆ ಎಳೆದೆ. ಹತ್ತಿತು! ಗಾಜಿನೊಳಗೆ ಹೊಗೆ ದಟ್ಟವಾಗಿ ತುಂಬಿಕೊಂಡಿತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಳ್ಳುತ್ತಿರುವಾಗಲೇ ಆ ಹೊಗೆ ನೋಡಿ ಬಾಯಲ್ಲಿ ನೀರೂರಿತು.

"ಲೇ, ದನಕ್ ಚುಚ್ಚೋದ್ರಲ್ಲಿ ಹಚ್ತೀಯಲ್ಲೋ, ನಿಮ್ಮಣ್ಣ ಏನ್ ಎಮ್ಮೇನಾ?" ಎಂದು ಅತ್ತಿಗೆ ಗದರಿದರು. "ತಗಿ ಅದ. ಮನುಷ್ಯರು ಹಚ್ಚೋ ಅಂಗೆ ಹಚ್ಚು."

ಸಿರಿಂಜು ಕೆಳಗಿಡುವಷ್ಟರಲ್ಲಿ ಬೀಡಿ ಆರಿತ್ತು. ಇನ್ನು ದಾರಿ ಇರಲಿಲ್ಲ. ಒಂದೇ ಒಂದು ಎಳೆತ, ಅದೂ ಅಣ್ಣನಿಗಾಗಿ ಎಂದುಕೊಂಡೆ. ಆ ಒಂದು ಎಳೆತ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ಎಡೆ ಎತ್ತುವುದರೊಳಗೆ ಹಿತ್ತಲಿನಲ್ಲಿ ಇನ್ನೊಂದು, ವಾಪಸು ಹೋಗುವಾಗ ಕೆ.ಆರ್. ಪೇಟೆಯಲ್ಲಿ ಮತ್ತೊಂದು, ಬೆಳಗಾದರೆ ಬಾಷಾ ಸಾಬರ ಅಂಗಡಿ. ಆದರೂ ನೆಪ ಎಷ್ಟು ಚೆನ್ನಾಗಿತ್ತೆಂದರೆ ಅಂಥ ನೆಪ ಜನ್ಮದಲ್ಲಿ ಇನ್ನೊಂದು ಸಲ ಸಿಗುತ್ತಿರಲಿಲ್ಲ. ಬೀಡಿಯನ್ನು ತುಟಿಗೆ ಇಟ್ಟೆ. ಎಲೆಯ ರುಚಿ ನಾಲಿಗೆಗೆ ತಗುಲಿತು. ಜಯಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು.

ಅತ್ತಿಗೆ ಅವಳನ್ನು ನೋಡಿದರು, ಪೂರಾ ಮಾಯದೆ ಇನ್ನೂ ಬಟ್ಟೆ ಸುತ್ತಿಕೊಂಡಿದ್ದ ನನ್ನ ಕಾಲಿನ ಬೆರಳನ್ನು ನೋಡಿದರು. ಥಟ್ಟನೆ ಬಂದು ನನ್ನ ಬಾಯಿಂದ ಬೀಡಿ ಕಿತ್ತುಕೊಂಡರು. "ಕೊಡಿಲ್ಲಿ. ಇಬ್ರಿಗೆ ಎಡೆ ಇಡಾಕೆ ನನ್ ಕೈಲಾಗಲ್ಲ" ಎಂದರು. ಒಲೆಯ ಕೊಳ್ಳಿಗೆ ಹಿಡಿದು ಕೆನ್ನೆ ಗುಳಿಬೀಳುವಂತೆ ಒಂದು ಸಲ ಎಳೆದು, ಕೆಮ್ಮದೆ ಹೊಗೆ ಬಿಟ್ಟು, ಕೆಂಪಗೆ ಹತ್ತಿದ ಬೀಡಿಯನ್ನು ಎಲೆಯ ಅಂಚಿಗೆ ಇಟ್ಟರು. ಎಡೆಗೆ ಎಂಜಲಾಯಿತಲ್ಲ ಎಂದು ನಾನು ಸಣ್ಣಗೆ ಗೊಣಗಿದೆ. "ಮೂವತ್ತೊರ್ಸ ಅವ್ರು ಸೇದಿದ್ದು ನನ್ನೆಂಜ್ಲ ಬೀಡೀನೆ ಕಣಪ್ಪ" ಎಂದರು ಅತ್ತಿಗೆ.

ಬಾಗಿಲು ಮುಚ್ಚಿ ಜಗುಲಿಯ ಮೇಲೆ ಕೂತೆವು. ಬಾಗಿಲ ಸಂದಿಯಿಂದ ಧೂಪದ ವಾಸನೆಯ ಜೊತೆ ಬೀಡಿಯ ವಾಸನೆಯೂ ಬರುತ್ತಿತ್ತು. ನಾನು ಆ ಸಂದಿಯ ಪಕ್ಕಕ್ಕೇ ಕೂತಿದ್ದೆ, ಗಾಳಿ ಚೆನ್ನಾಗಿದೆ ಎಂದು. ಮಾತಿಗೆ ಮಾತಿರಲಿ ಎಂದು ಜಯಮ್ಮನನ್ನು ಕೇಳಿದೆ, "ನಾಳೆ ನನಗೆ ಎಡೇಲಿ ಏನಿಡ್ತೀಯ?" ಅವಳು ಯೋಚಿಸಲೂ ಇಲ್ಲ. "ಹಾಗಲಕಾಯಿ ಪಲ್ಯ, ಒಣಮುದ್ದೆ, ಮೆಂತ್ಯದ ನೀರು. ಈಗ ನೀವು ತಿನ್ನೋದು ಅವೇ ಅಲ್ವಾ?" ಎಂದಳು. ನಾನು ನಗಲು ಹೊರಟೆ. ಅವಳ ಕಣ್ಣಲ್ಲಿ ನೀರಿತ್ತು. "ಇನ್ನೊಂದ್ಸಲ ಈ ಮಾತಾಡುದ್ರೆ ನೋಡಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಸತ್ತಮೇಲೂ ವರ್ಷ ವರ್ಷ ಅಷ್ಟು ದೂರದಿಂದ ಹಾಗಲಕಾಯಿ ತಿನ್ನಲು ಬರಬೇಕಲ್ಲ ಎಂಬ ಚಿಂತೆ ನನಗೂ ಹತ್ತಿತು.

ಅತ್ತಿಗೆ ಬಾಗಿಲು ತೆರೆದರು. ಕಜ್ಜಾಯಕ್ಕೆ ಇರುವೆ ಮುತ್ತಿತ್ತು. ಬೀಡಿ ಮಾತ್ರ ಇಟ್ಟಲ್ಲೇ ಆರಿತ್ತು. ಅವರು ಹಚ್ಚಿ ಇಟ್ಟ ಮೇಲೆ ಒಂದು ಉಗುರಿನಷ್ಟೂ ಉರಿದಿರಲಿಲ್ಲ. ಎಳೆಯುವವರಿಲ್ಲದಿದ್ದರೆ ಬೀಡಿ ಆರುತ್ತದೆ. ಅದರ ಗುಣ ಅದು, ಹೇಳಿದೆನಲ್ಲ. ಹಾಗೆಂದು ಅತ್ತಿಗೆಗೂ ಗೊತ್ತು. ಆದರೆ ಅವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಬುಟ್ಬುಟ್ಟವ್ರೆ ನೋಡು ಪುಟ್ಸಾಮಿ" ಎಂದರು. "ಮೂವತ್ತೊರ್ಸ ಬಾಯ್ ಬಡ್ಕಂಡೆ. ಕಾಲು ಓದ್ರೂ ಬುಡ್ನಿಲ್ಲ. ಅಲ್ಲಿ ಯಾರ್ ಮಾತ್ ಕೇಳುದ್ರೋ." ಒಂದು ಸಲ ನಕ್ಕರು. ನಕ್ಕದ್ದು ಹಾಗೇ ಅಳುವಾಯಿತು. ನನಗೂ ತಡೆಯಲಾಗಲಿಲ್ಲ. ಅಣ್ಣ ಸತ್ತ ದಿನ ಊರ ಜನರ ಮುಂದೆ ಗಟ್ಟಿಯಾಗಿ ನಿಂತಿದ್ದ ನಾನು, ಒಂದು ಆರಿದ ಬೀಡಿಯ ಮುಂದೆ ಮಗುವಿನ ಹಾಗೆ ಅತ್ತೆ.

ಅತ್ತು ಮುಗಿದ ಮೇಲೆ ಊಟದ ಮಾತು ಬಂತು. ಎಡೆಯದನ್ನು ಮನೆಯವರು ಹಂಚಿಕೊಳ್ಳಬೇಕು. ಅತ್ತಿಗೆ ಕಜ್ಜಾಯದ ಇರುವೆ ಕೊಡವಿ ಜಯಮ್ಮನಿಗೆ ಕೊಟ್ಟರು. ಮುದ್ದೆ ಸಾರು ನನಗೆಂದರು. ಬೀಡಿಯನ್ನು ಕಟ್ಟಿನ ಸಮೇತ ಒಲೆಗೆ ಹಾಕಿಬಿಟ್ಟರು. ಸಾರು ಆರಿತ್ತು, ಬಿಸಿ ಮಾಡಬೇಕಿತ್ತು. "ನೀವು ಕೂತ್ಕಳಿ ಅತ್ಗೆ, ಒಲೆ ನಾನ್ ನೋಡ್ಕತೀನಿ" ಎಂದು ಊದುಕೊಳವೆ ತೆಗೆದುಕೊಂಡು ಒಲೆಯ ಮುಂದೆ ಕೂತೆ. ಮದುವೆಯಾದಾಗಿನಿಂದ ನಾನು ಒಲೆಯ ಕಡೆ ತಿರುಗಿಯೂ ನೋಡಿದವನಲ್ಲ. ಅತ್ತಿಗೆ ನನ್ನ ತಲೆ ಸವರಿ, "ಎಂಥಾ ಮೈದುನ" ಎಂದು ಹೊರಗೆ ಹೋದರು. ನಾನು ಕೊಳವೆ ಬಾಯಿಗಿಟ್ಟುಕೊಂಡೆ. ಒಲೆಯೊಳಗೆ ಕಟ್ಟು ಹೊತ್ತಿಕೊಂಡು ಹೊಗೆಯಾಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಬೆನ್ನ ಹಿಂದೆ ಬಳೆಯ ಸದ್ದಾಯಿತು.

"ರೀ," ಎಂದಳು ಜಯಮ್ಮ, "ಊದ್ತಾ ಇದೀರೋ, ಸೇದ್ತಾ ಇದೀರೋ?"

ಕೊಳವೆಯನ್ನು ಅವಳ ಕೈಗೆ ಕೊಟ್ಟು ಎದ್ದೆ. ನಿಜ ಹೇಳಬೇಕೆಂದರೆ, ಅವಳು ಕೇಳುವವರೆಗೆ ನನಗೂ ಅದು ಗೊತ್ತಿರಲಿಲ್ಲ.