ನನ್ನದು ಇನ್ನೂರ ಹನ್ನೆರಡು, ಅಣ್ಣನದು ಮೂವತ್ತಾರು

ಮನುಷ್ಯ ಎಷ್ಟು ದಿನ ಹಾಗಲಕಾಯಿ ತಿನ್ನಬಹುದು? ನಾನು ಮೂರು ತಿಂಗಳು ತಿಂದಿದ್ದೇನೆ. ಬೆಳಿಗ್ಗೆ ರೊಟ್ಟಿಗೆ ಹಾಗಲಕಾಯಿ ಪಲ್ಯ, ಮಧ್ಯಾಹ್ನ ಡಬ್ಬಿಯಲ್ಲಿ ಹಾಗಲಕಾಯಿ ಗೊಜ್ಜು, ಸಂಜೆಗೆ ಹಾಗಲಕಾಯಿ ಹುಳಿ. ಬ್ರೂಸ್‌ಪೇಟೆಯ ಅರಿವೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸಿ, ಬಿಚ್ಚಿದ್ದನ್ನೆಲ್ಲ ಮತ್ತೆ ಮಡಚಿಟ್ಟು ಮನೆಗೆ ಬಂದರೆ ತಟ್ಟೆಯಲ್ಲಿ ಅದೇ ಕಹಿ. ಯಾಕೆಂದು ಕೇಳಿದರೆ ನನ್ನ ಹೆಂಡತಿ ಚನ್ನವೀರಮ್ಮ, "ಮೈಗೆ ಚೊಲೋರಿ, ಬಾಯಿ ಮುಚಗೊಂಡು ಉಣ್ರಿ" ಎನ್ನುತ್ತಿದ್ದಳು. (ಬಾಯಿ ಮುಚ್ಚಿಕೊಂಡು ಉಣ್ಣುವುದು ಹೇಗೆ ಎಂದು ಕೇಳುವ ಧೈರ್ಯ ಮದುವೆಯಾದ ಹೊಸತರಲ್ಲಿ ನನಗಿತ್ತು.)

ಮೂರನೇ ತಿಂಗಳಿಗೆ ಊಟ ಕಂಡರೆ ವಾಕರಿಕೆ, ಮೂತ್ರ ಅರಿಷಿಣ, ನಾಲ್ಕು ಮೆಟ್ಟಿಲು ಹತ್ತಿದರೆ ಉಸ್ಸಪ್ಪಾ ಎಂದು ಕೂರುವ ಸ್ಥಿತಿ. ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು. ನಾನು ಒಬ್ಬನೇ ಹೋಗಲಿಲ್ಲ, ನನ್ನ ಅಣ್ಣ ಗಾದಿಲಿಂಗಪ್ಪನನ್ನೂ ಕರೆದುಕೊಂಡು ಹೋದೆ. ಅವನ ಎರಡೂ ಪಾದ ಬಾತಿದ್ದವು; ಡಾಕ್ಟರು ಮುಟ್ಟಿ ನೋಡಿ ಅವನಿಗೂ ಅದೇ ಪರೀಕ್ಷೆ ಬರೆದರು. ಈ ಸಂಗತಿ ಮನೆಯಲ್ಲಿ ಗೊತ್ತಾಗುವ ಹಾಗಿರಲಿಲ್ಲ.

ಯಾಕೆ ಅಂತ ಹೇಳಬೇಕು. ಅಣ್ಣ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ಹೊರಗೆ ನಿಂತು ಸದ್ದು ಕೇಳಿಯೇ ಯಾವ ಬೆಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದ. ಅಂಥವನನ್ನು ಕುಡಿತ ತಿಂದಿತು. ನಮ್ಮ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಕುಡಿದು ಬಂದ, ಜೋಲಿ ತಪ್ಪಿ ತೊಟ್ಟಿಲ ಮೇಲೆ ಬಿದ್ದ. ಹಗ್ಗ ಹರಿದು ಕೂಸು ನಮ್ಮ ಅತ್ತೆಯ ಮಡಿಲಿಗೆ ಬಿತ್ತು. ಕೂಸಿಗೆ ಏನೂ ಆಗಲಿಲ್ಲ. ಆದರೆ ಚನ್ನವೀರಮ್ಮ ಅಂದೇ ಶಾಸನ ಹೊರಡಿಸಿದಳು: "ಆ ಮನುಷ್ಯಾ ಇನ್ನ ಈ ಹೊಸ್ತಿಲಾ ತುಳದ್ರ ನಾ ತವರಿಗೆ, ಕುರುಗೋಡಿಗೆ ಹೋಗಾಕಿ, ತಿರುಗಿ ಬರಾಕಿ ಅಲ್ಲ." ತಪ್ಪು ಅವಳದಲ್ಲ. ಹೆತ್ತವಳು ಇನ್ನೇನು ಹೇಳಿಯಾಳು?

ಹನ್ನೊಂದು ವರ್ಷದಿಂದ ಅಣ್ಣ ಕೌಲ್ ಬಜಾರದ ಒಂದು ಕೋಣೆಯಲ್ಲಿ ಒಬ್ಬನೇ ಇದ್ದ. ಅಂಗಡಿ ಮುಗಿಸಿ ನಾನು ಕದ್ದು ಹೋಗಿ ಅರ್ಧ ತಾಸು ಕೂರುತ್ತಿದ್ದೆ. ಅವನು ಕುಡಿಯುತ್ತಿದ್ದ, ನಾನು ನೋಡುತ್ತಿದ್ದೆ. ನಾನಂತೂ ಒಂದು ಹನಿ ಮುಟ್ಟಿದವನಲ್ಲ. ನಮ್ಮಪ್ಪನೂ ಅದರಲ್ಲೇ ಹೋದವನು; ಹದಿನೈದನೇ ವಯಸ್ಸಿಗೆ ಅವ್ವನ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದೆ. ಈ ವಿರೂಪಾಕ್ಷಪ್ಪನ ಬದುಕಿನಲ್ಲಿ ಎದೆ ತಟ್ಟಿ ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು.

ರಕ್ತ ಪರೀಕ್ಷೆಯ ಚೀಟಿಗಳು ಬಂದವು. ಡಾಕ್ಟರಿಗೆ ತೋರಿಸುವುದು ನಾಳೆ ಎಂದು ಎರಡನ್ನೂ ಅಂಗಿಯ ಕಿಸೆಯಲ್ಲಿಟ್ಟೆ. ಆ ಅಂಗಿಯನ್ನು ಒಗೆಯಲು ಹಾಕಿದೆ. (ಪೂರ್ವಜನ್ಮದ ಕರ್ಮ ಅಂದರೆ ಇದೇ ಇರಬೇಕು.)

"ಇದೇನ್ರಿ ಇದು?" ಎನ್ನುತ್ತ ಚನ್ನವೀರಮ್ಮ ಒದ್ದೆ ಕೈಯಲ್ಲೇ ಬಂದಳು. ಏಳನೇ ಕ್ಲಾಸ್ ಪಾಸಾದವಳು, ಅಂಕಿ ಓದಲು ಯಾರ ಹಂಗೂ ಬೇಕಿಲ್ಲ. "ವಿರೂಪಾಕ್ಷಪ್ಪ, ಇನ್ನೂರ ಹನ್ನೆರಡು. ನಲವತ್ತರ ಒಳಗ ಇರಬೇಕಂತ ಬಾಜೂಕ ಬರದಾರ. ಇದು ಯಾವುದರ ಪರೀಕ್ಷಾ?"

"ಲಿವರಿಂದು" ಎಂದೆ.

ಅಷ್ಟೇ ಸಾಕಾಯಿತು. ನಮ್ಮ ಓಣಿಯಲ್ಲಿ ಲಿವರಿಗೆ ಇರುವುದು ಒಂದೇ ಕೆಲಸ, ಕುಡುಕರದು ಕೆಡುವುದು.

"ಅಂದ್ರ ನಾ ತಿಳಕೊಂಡಿದ್ದು ಖರೇನ ಆತು. ಮೂರು ತಿಂಗಳಿಂದ ಪುಡಿ ಹಾಕಾಕತ್ತೀನಿ, ಆ ಪುಡೀನೂ ಸೋಲಿಸೀರಲ್ರಿ. ಎಷ್ಟು ಕುಡೀತೀರಿ ನೀವು?"

"ಯಾವ ಪುಡಿ?"

"ಕುಡಿಯೋದು ಬಿಡಿಸೋ ಪುಡಿ. ಕುರುಗೋಡಿಂದ ನಮ್ಮವ್ವ ಕಳಿಸ್ಯಾಳ. ಕಹಿ ಗೊತ್ತಾಗಬಾರದಂತ ಹಾಗಲಕಾಯಿಯೊಳಗ ಕಲಸಿ ಹಾಕತಿದ್ದೆ. ದಿನಾ ಸಂಜಿಕಿ ಅಂಗಿ ಘಂ ಅಂತಿತ್ತು. ನನಗ ಮೂಗಿಲ್ಲೇನು?"

ವಾಸನೆ ಅಣ್ಣನ ಕೋಣೆಯದು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಎರಡನೇ ಚೀಟಿ ಬಿಡಿಸಿದ್ದಳು. ಹೆಸರು ಓದಿದಳು. ನನ್ನ ಮುಖ ನೋಡಿದಳು. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದು, ದಿನಾ ಅಣ್ಣನ ಹತ್ತಿರ ಹೋಗಿಬರುತ್ತಿದ್ದೇನೆ ಎಂದು ಒಪ್ಪಿಕೊಂಡೆ. ಕುರುಗೋಡು ಬಸ್ಸಿನ ಹೊತ್ತು ಎಷ್ಟೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಆದರೆ ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

"ಮೂವತ್ತಾರು" ಅಂದಳು. "ನಲವತ್ತರ ಒಳಗೈತಿ. ಆ ಮನುಷ್ಯಾ ಯಾವಾಗೋ ಬಿಟ್ಟಾನ. ಹನ್ನೊಂದು ವರ್ಷ ಅವರನ್ನ ಹೊರಗ ಹಾಕಿ, ಕುಡುಕನ್ನ ಮನಿಯಾಗ ಇಟಗೊಂಡು ಉಣ್ಣಾಕ ಹಾಕೀನಿ. ನಂದು ಎಂಥಾ ಪಾಪ."

ವಾಸನೆ ಎಲ್ಲಿಯದೆಂದು ಈಗ ಹೇಳಿದರೆ ಅಣ್ಣ ಮತ್ತೆ ಹೊರಗೇ ಉಳಿಯುತ್ತಿದ್ದ. ಅಣ್ಣ ಆ ಪರೀಕ್ಷೆಯ ದಿನವೂ ಕುಡಿದೇ ಬಂದಿದ್ದ ಎಂಬುದು ನನಗೆ ಗೊತ್ತು. ಆದರೂ ನಂಬರು ನಂಬರೇ ಅಲ್ಲವೇ? ಅವನ ಲಿವರು ಕಬ್ಬಿಣದ್ದಿರಬೇಕು ಎಂದು ಒಳಗೊಳಗೇ ಖುಷಿಪಟ್ಟೆ.

ಮರುದಿನವೇ ಅವಳು ಕೌಲ್ ಬಜಾರಕ್ಕೆ ತಾನೇ ಹೋಗಿ ಕರೆದು ಬಂದಳು. ಅಣ್ಣ ಒಗೆದ ಧೋತರ ಉಟ್ಟು ಬಂದವನು ಬಾಗಿಲ ಹೊರಗೇ ನಿಂತ. ಚನ್ನವೀರಮ್ಮ ಕಾಲಿಗೆ ನೀರು ಕೊಟ್ಟು, "ಒಳಗ ಬರ್ರಿ ಭಾವಾರ" ಎಂದಳು. ಅವನು ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಬಂದ. ಹೋಳಿಗೆ ಮುರಿಯುವಾಗ ಅವನ ಕಣ್ಣೀರು ತಟ್ಟೆಗೇ ಬೀಳುತ್ತಿತ್ತು. ಅವಳು ಆಚೆ ತಿರುಗಿದಾಗ ನನ್ನ ಕಿವಿಯಲ್ಲಿ, "ಲೇ ತಮ್ಮಾ, ನಾ ಇಷ್ಟು ಕಮ್ಮಿ ಕುಡೀತೀನಂತ ನನಗೂ ಗೊತ್ತಿರಲಿಲ್ಲ" ಎಂದ.

ಅಂದಿನಿಂದ ಅವನು ನಮ್ಮ ಮನೆಯಲ್ಲೇ ಉಳಿದ. ಆ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಓಣಿಯವರಿಗೆಲ್ಲ ತೋರಿಸಿದ. ವಿಚಿತ್ರವೆಂದರೆ ನಿಜವಾಗಿಯೂ ಕುಡಿಯುವುದನ್ನು ಬಿಟ್ಟ. "ಆಕಿ ಭಾವಾರ ಅಂದ ಮ್ಯಾಲ ಹೆಂಗ ಕುಡೀಲಿ?" ಎನ್ನುತ್ತಿದ್ದ. ನನ್ನ ಪಾಲಿಗೆ ಮಾತ್ರ ಪುಡಿ ಎರಡರಷ್ಟಾಯಿತು.

ವಾರ ಬಿಟ್ಟು ಡಾಕ್ಟರ ಬಳಿ ಹೋದೆ. ಪುಡಿಯ ಕಥೆ ಕೇಳಿ ಅವರು ತಲೆ ಚಚ್ಚಿಕೊಂಡರು. "ಲಿವರಿಗೆ ಪೆಟ್ಟು ಬಿದ್ದರ ಅದರೊಳಗಿಂದು ರಕ್ತಕ್ಕ ಸೋರತೈತಿ. ಅದನ್ನ ನಾವು ಅಳೀತೀವಿ, ಅಷ್ಟ. ಯಾರು ಪೆಟ್ಟು ಕೊಟ್ರು ಅಂತ ನಂಬರು ಹೇಳೂದಿಲ್ಲ. ನಿಮಗ ಕೊಟ್ಟಿದ್ದು ಆ ಪುಡಿ. ಇವತ್ತ ಬಿಡ್ರಿ, ಎರಡು ತಿಂಗಳಾಗ ಸರಿ ಹೋಗತೈತಿ."

"ನಮ್ಮಣ್ಣಂದು ಚೊಲೋ ಬಂತಲ್ರಿ" ಎಂದೆ, ಹೆಮ್ಮೆಯಿಂದ.

ಡಾಕ್ಟರು ಕನ್ನಡಕ ತೆಗೆದಿಟ್ಟರು. "ವಿರೂಪಾಕ್ಷಪ್ಪಾರ, ತುಂಬಿದ ಕೊಡ ತೂತಾದ್ರ ಸೋರತೈತಿ. ಬರಿ ಕೊಡದಾಗ ಏನು ಸೋರಬೇಕು? ಅವತ್ತ ಅವರ ಹೊಟ್ಟಿ ಮುಟ್ಟಿ ನೋಡೀನಿ, ನೀರು ತುಂಬೈತಿ. ಇನ್ನ ಕೆಡಾಕ ಅಲ್ಲಿ ಲಿವರ ಉಳದಿಲ್ಲ. ಅದಕ್ಕ ನಂಬರು ಕಮ್ಮಿ."

"ಎಷ್ಟು ದಿನಾರಿ?"

"ಆರು ತಿಂಗಳು ಅಂದ್ರ ಹೆಚ್ಚಾತು."

ಹೇಗೆ ಮನೆ ಮುಟ್ಟಿದೆನೋ ಗೊತ್ತಿಲ್ಲ. ಅಣ್ಣ ಊಟಕ್ಕೆ ಕೂತಿದ್ದ. ಚನ್ನವೀರಮ್ಮ ಅನ್ನಕ್ಕೆ ತುಪ್ಪ ಬಡಿಸುತ್ತ, "ನೋಡ್ರಿ, ನನ್ನ ಕೈಯೂಟ ಭಾವಾರ ಮೈಗೆ ಹತ್ತೇತಿ, ಹೊಟ್ಟಿ ಬಂದೈತಿ" ಎಂದಳು. ಅಣ್ಣ ಹೊಟ್ಟೆ ಸವರಿಕೊಂಡು ನಕ್ಕ. ನಾನು ಹಿತ್ತಲಿಗೆ ಹೋಗಿ ಬಚ್ಚಲ ಹಂಡೆಯ ಹಿಂದೆ ನಿಂತು ಅತ್ತೆ.

ಯೋಚನೆ ಮಾಡಿದೆ. ನನ್ನ ನಂಬರು ಸುಳ್ಳು ಎಂದು ಹೇಳಿದರೆ ಅವನ ನಂಬರೂ ಸುಳ್ಳಾಗುತ್ತದೆ. ಇವಳು ಸಿಟ್ಟಿನಲ್ಲಿ ಹೊರಗೆ ಹಾಕದಿದ್ದರೂ, ಅವನೇ ನಾಚಿಕೆಯಿಂದ ಎದ್ದು ಆ ಕೋಣೆಗೆ ಹೋಗಿಬಿಡುತ್ತಾನೆ. ಅಲ್ಲಿ ಒಬ್ಬನೇ ಸಾಯುತ್ತಾನೆ. ಅಲ್ಲದೆ, ಗಂಡನನ್ನು ಉಳಿಸಲು ಪುಡಿ ಹಾಕಿದವಳಿಗೆ ಆ ಪುಡಿಯೇ ವಿಷವಾಯಿತು ಎಂದು ಯಾವ ಬಾಯಿಂದ ಹೇಳಲಿ? ಕೈಕಾಲು ತೊಳೆದು ಒಳಗೆ ಬಂದೆ.

"ಇಲ್ನೋಡು, ನಾ ಕುಡಿತಿದ್ದೆ" ಎಂದೆ. "ಇನ್ನ ಬಿಡತೀನಿ. ಪುಡಿ ಬ್ಯಾಡ, ಲಿಂಗ ಮುಟ್ಟಿ ಆಣಿ ಮಾಡತೀನಿ."

ಸೋಮವಾರ ನನ್ನ ಮೆರವಣಿಗೆ ಹಲಕುಂದಿ ಮಠಕ್ಕೆ ಹೊರಟಿತು. ಅರ್ಧ ಓಣಿ ಸಾಕ್ಷಿಗೆ ಬಂದಿತ್ತು. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಇನ್ನು ಮುಂದೆ ಹನಿಯನ್ನೂ ಮುಟ್ಟುವುದಿಲ್ಲ ಎಂದೆ. (ಅದರಲ್ಲಿ ಸುಳ್ಳೇನೂ ಇರಲಿಲ್ಲ, ಶಿವನಿಗೆ ಗೊತ್ತು.) "ಇವರಿಗೆ ಜಾಮೀನು ಯಾರು?" ಎಂದು ಸ್ವಾಮಿಗಳು ಕೇಳಿದರು. ಬಾತ ಕಾಲಿನ ಮೇಲೆ ಅಣ್ಣ ಕಷ್ಟಪಟ್ಟು ಎದ್ದು, "ನಾ ಅದೀನ್ರಿ ಬುದ್ದಿ, ಹಿರೇ ಅಣ್ಣ" ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ನನ್ನ ಪಕ್ಕಕ್ಕೇ ಕೂತ. ಆಮೇಲೆ ಮೆಲ್ಲಗೆ ಕೇಳಿದ, "ಅಲ್ಲಲೇ ತಮ್ಮಾ, ಇಷ್ಟು ವರ್ಷ ಎಲ್ಲಿ ಕುಡೀತಿದ್ದಿ? ಒಮ್ಮೆರ ಅಣ್ಣನ್ನ ಕರೀಬಾರದಾ? ನಾ ಒಬ್ಬಾವನ ಕುಂತು ಕುಡೀತಿದ್ನೆಲ್ಲೋ." 

ಎರಡು ತಿಂಗಳಿಗೆ ನನ್ನ ನಂಬರು ಮೂವತ್ತೈದಕ್ಕೆ ಇಳಿಯಿತು. ಆಣೆಯ ಮಹಿಮೆ ಎಂದು ಓಣಿಯೆಲ್ಲ ಕೊಂಡಾಡಿತು. ನಮ್ಮ ಸಾಹುಕಾರ ಚಿದಾನಂದಪ್ಪ ಮಾತ್ರ ದಿನಾ ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ನಿಲ್ಲಿಸಿ, "ಎಲ್ಲಿ, ಒಮ್ಮೆ ಊದ್ರಿ" ಎಂದು ಬಾಯಿ ಮೂಸಿಯೇ ಒಳಗೆ ಬಿಡುತ್ತಿದ್ದ. ಸಂಜೆ ಯಾರದೋ ಹೆಂಡತಿ ತನ್ನ ಗಂಡನನ್ನು ಎಳೆದು ತಂದು, "ನೀವು ಹೆಂಗ ಬಿಟ್ರಿ, ಇವರಿಗೂ ಹೇಳ್ರಿ" ಎನ್ನುತ್ತಿದ್ದಳು. ನಾನು ಹೇಗೆ ಶುರುಮಾಡಿದೆ ಎಂಬುದನ್ನೇ ತಿಳಿಯದವನು, ಹೇಗೆ ಬಿಟ್ಟೆ ಎಂದು ಉಪನ್ಯಾಸ ಕೊಡುತ್ತಿದ್ದೆ.

ಐದನೇ ತಿಂಗಳಿಗೆ ಅಣ್ಣ ಹೋದ. ಪಡಸಾಲೆಯಲ್ಲಿ, ನಮ್ಮ ಹಾಸಿಗೆಯ ಮೇಲೆ, ಚನ್ನವೀರಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿರುವಾಗ. ಕಣ್ಣು ಹಳದಿಯಾಗಿದ್ದವು. ಕಾಮಣಿ, ಅಂದರೆ ಕಾಮಾಲೆ, ಎಂದರು ಕೆಲವರು; ಯಾರದೋ ದೃಷ್ಟಿ ತಾಗಿದ ಕಣ್ಣೆಸರು ಎಂದಳು ಅವಳು.

ವಿಭೂತಿ ಧರಿಸಿ ಕೂರಿಸಿ ಮಣ್ಣು ಮಾಡುವಾಗ ಅವಳು ಕುಣಿಯ ಅಂಚಿಗೆ ಬಂದು ಎದೆಬಡಿದುಕೊಂಡು ಅತ್ತಳು. "ಒಂದು ಹನಿ ಮುಟ್ಟದ ದೇವರಂಥಾ ಮನುಷ್ಯಾನ್ನ ಕರಕೊಂಡೆಲ್ಲೋ ಶಿವನ. ಈ ಕುಡುಕನ್ನ ನನಗ ಬಿಟ್ಟು ಅವರನ್ನ ಕರಕೊಂಡೆಲ್ಲೋ." ಸುತ್ತ ನಿಂತವರು ಹೌದೆಂದು ನಿಟ್ಟುಸಿರು ಬಿಟ್ಟು ನನ್ನ ಕಡೆ ನೋಡಿದರು. ನಾನೂ ಹೌದೆಂದು ತಲೆಯಾಡಿಸಿ, ಬಗ್ಗಿ, ನನ್ನ ಪಾಲಿನ ಮಣ್ಣು ಹಾಕಿದೆ.