ಸ್ವರಾಜ್ಯಕ್ಕೆ ನಾನು ನಿಂತ ಜಾಮೀನು

ಅನುಮಾನಪಡುವುದಕ್ಕೂ ಒಂದು ಯೋಗ್ಯತೆ ಬೇಕು. ಎಲ್ಲರನ್ನೂ ನಂಬಿ ಗೊರಕೆ ಹೊಡೆಯುವವರಿಗೆ ಆ ಕಷ್ಟ ತಿಳಿಯದು. ನನಗಂತೂ ಹಾಲು ನೀರಾಗಿದ್ದರೆ ಹಾಲಿನವಳ ಮೇಲೆ ಅನುಮಾನ. ಗಟ್ಟಿಯಾಗಿದ್ದರೆ ಇವತ್ತೇಕೆ ಗಟ್ಟಿಯಾಗಿದೆ ಎಂದು ಇನ್ನೂ ಹೆಚ್ಚಿನ ಅನುಮಾನ. ಮದುವೆಯ ದಿನ ಮಾವನವರು ತೀರ ಪ್ರೀತಿಯಿಂದ ಮಾತನಾಡಿಸಿದರೆಂದು, ಅವರು ಕೊಟ್ಟ ಪಂಚೆಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕಿದವನು ನಾನು. ನನ್ನ ಹೆಂಡತಿ ನೀಲಮ್ಮ ಅದನ್ನು ಇನ್ನೂ ಮರೆತಿಲ್ಲ.

ಇಂಥ ನನಗೆ ತಕ್ಕ ಯಜಮಾನರು ಸಿಕ್ಕಿದ್ದು ತರೀಕೆರೆಯಲ್ಲಿ. ಅಲ್ಲಿನ ಒಂದು ಸಣ್ಣ ಬ್ಯಾಂಕಿಗೆ ಶೇಷಗಿರಿರಾಯರು ಏಜೆಂಟರು, ನಾನು ಗುಮಾಸ್ತ. ಸಾಲಕ್ಕೆ ಬಂದವರು ಯಾರೇ ಆಗಲಿ, ರಾಯರು ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದುದು ಒಂದೇ ಮಾತು: “ಜಾಮೀನು ಯಾರು?” ಸ್ವಂತ ಷಡ್ಡಕ ಬಂದಾಗಲೂ ಕಾಫಿ ತರಿಸಿಕೊಟ್ಟು, ಲೋಟ ಕೆಳಗಿಡುವ ಮೊದಲೇ ಅದನ್ನೇ ಕೇಳಿದರು. ಆ ಮನುಷ್ಯನ ಮೇಲೆ ನನಗೆಷ್ಟು ಗೌರವವೆಂದರೆ, ಅವರನ್ನು ಅನುಮಾನಿಸುವುದಕ್ಕೆ ಬಹಳ ಕಾಲ ಹಿಡಿಯಿತು.

ಅಂಥವರು ಒಂದು ದಿನ ಇದ್ದಕ್ಕಿದ್ದಂತೆ ಕೋಟು ರುಮಾಲು ಬಿಟ್ಟು ಖಾದಿಯಲ್ಲಿ ಬಂದರು. ಸ್ವಲ್ಪ ದಿನಕ್ಕೆ ಕೆಲಸವನ್ನೂ ಬಿಟ್ಟು ದೇಶಸೇವೆಗೆಂದು ಬೊಂಬಾಯಿಗೆ ರೈಲು ಹತ್ತಿದರು. ಬೀಳ್ಕೊಡಲು ಹೋದವರೆಲ್ಲ ಕಣ್ಣೊರೆಸಿಕೊಂಡರು. ನಾನು ಮಾತ್ರ ನೆಟ್ಟಗೆ ಬ್ಯಾಂಕಿಗೆ ಬಂದು ತಿಜೋರಿ ತೆಗೆಸಿ ನೋಡಿದೆ. ಎಲ್ಲ ಸರಿಯಾಗಿತ್ತು. ಅದರಿಂದ ಅನುಮಾನ ಇನ್ನಷ್ಟು ಬಲವಾಯಿತು.

ಆಮೇಲೆ ನಾನೂ ಕೆಲಸ ಬಿಟ್ಟು ಅಜ್ಜಂಪುರದಲ್ಲಿ ಕೊಬ್ಬರಿ ಮಂಡಿ ಇಟ್ಟೆ. ಪತ್ರಿಕೆ ರೈಲಿನಲ್ಲಿ ಬರುತ್ತಿತ್ತು. ಅದರಲ್ಲಿ ರಾಯರೂ ಬರುತ್ತಿದ್ದರು. ಮೊದಲು ಒಳಪುಟದ ಮೂಲೆಯಲ್ಲಿ ಒಂದು ಸಾಲು, ಆಮೇಲೆ ಯಾವುದೋ ಸಭೆಯ ಅಧ್ಯಕ್ಷರೆಂದು, ಕೊನೆಗೆ ದೇಶದ ದೊಡ್ಡ ಮುಖಂಡರ ಪಕ್ಕದಲ್ಲಿ ಹಾರ ಹಾಕಿಕೊಂಡು. ಫೋಟೋದಲ್ಲಿ ನಗುತ್ತಿದ್ದರು. ಬ್ಯಾಂಕಿನಲ್ಲಿದ್ದಷ್ಟು ಕಾಲ ಅವರ ಹಲ್ಲು ಕಂಡವರಿಲ್ಲ. ಈಗ ಯಾವ ಲಾಭಕ್ಕೆ ನಗುತ್ತಾರೆ?

“ನಿಮ್ಗೆ ಹೊಟ್ಟೆಕಿಚ್ಚು ಕಣ್ರೀ,” ಎಂದಳು ನೀಲಮ್ಮ. ಇರಬಹುದು. ಆದರೆ ಹೊಟ್ಟೆಕಿಚ್ಚಿನವನ ಕಣ್ಣು ಚುರುಕು.

ರಾಯರು ಕಡೂರಿಗೆ ಭಾಷಣಕ್ಕೆ ಬರುತ್ತಾರೆಂದು ತಿಳಿದಾಗ ನಾನು ಮೊದಲ ರೈಲಿಗೇ ಹೋದೆ. ಭಕ್ತಿಯಿಂದಲ್ಲ, ಪರೀಕ್ಷೆಗೆ. ಬೇವಿನ ಮರದ ಮರೆಯಲ್ಲಿ ನಿಂತು ನೋಡುತ್ತಿದ್ದೆ. ವಿದೇಶಿ ಬಟ್ಟೆ ಬಿಡಿ, ಹೆಂಡ ಬಿಡಿ, ಸ್ವರಾಜ್ಯ ಬಂದೇ ಬರುತ್ತದೆ, ಇದು ನನ್ನ ಮಾತು ಎಂದರು ರಾಯರು. ಜನ ಜೈಕಾರ ಹಾಕಿದರು. ಆಗ ಕುರಿ ಸಾಕುವ ಯಗಟಿಯ ಕೆಂಚಪ್ಪ ಕಂಬಳಿ ಸರಿಮಾಡಿಕೊಂಡು ಎದ್ದು ನಿಂತ.

“ಸ್ವಾಮೀ, ಆವತ್ತು ಎಲ್ಡು ಟಗರು ತರಾಕೆ ಸಾಲ ಕೇಳಿದ್ರೆ ಜಾಮೀನು ಇಲ್ದೆ ಆಗಲ್ಲ ಅಂತ ಓಡಿಸಿದ್ರಿ. ಈಗ ಅಷ್ಟು ದೊಡ್ಡ ಸ್ವರಾಜ್ಯ ತಂದ್ಕೊಡ್ತೀನಿ ಅಂತೀರಿ. ನಿಮ್ಗೆ ಜಾಮೀನು ಯಾರು?”

ನನಗೆ ಕೆಂಚಪ್ಪನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಗಿ, ಮರದ ಮರೆಯಿಂದ ಕತ್ತು ಚಾಚಿದೆ. ಅದೇ ತಪ್ಪಾಯಿತು. ರಾಯರು ಕನ್ನಡಕದ ಮೇಲಿಂದ ಸುತ್ತ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು.

“ಅಗೋ, ಅಜ್ಜಂಪುರದ ಶಿವಣ್ಣನವರು. ನಾನು ರೈಲು ಹತ್ತಿದ ದಿನವೇ ತಿಜೋರಿ ತೆಗೆಸಿ ನೋಡಿದವರು. ನನ್ನನ್ನು ಪೂರಾ ನಂಬದ ಮನುಷ್ಯ ಈ ಸೀಮೆಯಲ್ಲಿ ಅವರೊಬ್ಬರೇ. ನಂಬಿದವನು ಜಾಮೀನು ನಿಂತು ಮಲಗಿಬಿಡುತ್ತಾನೆ, ಅನುಮಾನದವನು ಕಾಯುತ್ತಾನೆ. ಏನು ಶಿವಣ್ಣನವರೇ, ನಿಲ್ಲುತ್ತೀರಾ?”

ಊರೂರಿನ ಜನ ತಿರುಗಿ ನೋಡಿದರು. ಸ್ವಂತ ಭಾವಮೈದುನನಿಗೂ ಜಾಮೀನು ನಿಲ್ಲದ ನಾನು ಕತ್ತು ಆಡಿಸಿದೆ. ಇಲ್ಲವೆಂದು ಆಡಿಸಿದೆನೆಂದೇ ನನ್ನ ನೆನಪು. ಜನ ಹೂಂ ಎಂದು ತಿಳಿದರು.

ಅಲ್ಲಿಂದ ಸುಖವಿಲ್ಲ. ಸಂತೆಯ ದಿನ ಕೊಬ್ಬರಿಯ ದರ ಕೇಳುವವರೇ ಇಲ್ಲ. “ಎಲ್ಲಿಗಂಟ ಬಂತು ಶಿವಣ್ಣಾ, ನಿನ್ ಸ್ವರಾಜ್ಯ?” ಎಂದು ಕೇಳುವವರೇ. ಪೊಲೀಸು ದಫೇದಾರ ದಿನಾ ಬಂದು ಪುಕ್ಕಟೆ ಕೊಬ್ಬರಿ ತಿಂದು ನನ್ನ ಮುಖ ನೋಡಿ ಹೋಗುತ್ತಿದ್ದ. ಅಷ್ಟರಲ್ಲಿ ರಾಯರನ್ನು ಉತ್ತರದ ಕಡೆ ಎಲ್ಲೋ ಹಿಡಿದು ಜೈಲಿಗೆ ಹಾಕಿದರೆಂಬ ಸುದ್ದಿ ಬಂತು. ಮುಂದಿನ ಸಂತೆಗೆ ಕೆಂಚಪ್ಪ ನೂರಾರು ಜನರನ್ನು ಕಟ್ಟಿಕೊಂಡು ನನ್ನ ಮಂಡಿಯ ಮುಂದೆಯೇ ಬಂದು ನಿಂತ.

“ಸಾಲಗಾರ ಸಿಗ್ದೆ ಹೋದ್ರೆ ಜಾಮೀನುದಾರ ತಾನೆ ಕಟ್ಬೇಕು? ಅವ್ರು ಆಡ್ಬೇಕಾದ ಮಾತು ನೀನಾಡಪ್ಪಾ.”

ನನಗೆ ನಿಜವಾಗಿಯೂ ಭಯವಾಯಿತು. ಮಾತಾಡಿದರೆ ದಫೇದಾರ ಬಿಡುವುದಿಲ್ಲ, ಮಂಡಿಗೆ ಬೀಗ. ನಾನು ಜಾಮೀನೇ ನಿಂತಿಲ್ಲ ಎಂದರೆ ಮಾತಿಗೆ ತಪ್ಪಿದ ವರ್ತಕನ ಕೊಬ್ಬರಿಯನ್ನು ಯಾರು ಕೊಳ್ಳುತ್ತಾರೆ? ಬಾಗಿಲ ಸಂದಿಯಿಂದ ನೀಲಮ್ಮ, “ಹೋಗ್ರೀ, ಒಂದ್ಸಲನಾದ್ರೂ ಯಾರ್ನಾದ್ರೂ ನಂಬಿ,” ಎಂದಳು.

ಜನರೇ ನನ್ನನ್ನು ಎತ್ತಿ ಜಗಲಿಯ ಮೇಲೆ ನಿಲ್ಲಿಸಿದರು. ರಾಯರಿಗೂ ನನಗೂ ಸಂಬಂಧವಿಲ್ಲ ಎಂದು ಹೇಳಿಬಿಡೋಣವೆಂದೇ ಬಾಯಿ ತೆರೆದೆ. ಎದುರಿಗೆ ಅಷ್ಟೂ ಜನ ಬಿಸಿಲಲ್ಲಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅನುಮಾನವಿದ್ದ ಮುಖ ಒಂದೂ ಇರಲಿಲ್ಲ. “ಬಂದೇ ಬರ್ತದೆ ಕಣ್ರಪ್ಪಾ,” ಎಂದೆ, “ಬರ್ದೆ ಇದ್ರೆ ನನ್ನ ಕೇಳಿ.”

ಚಪ್ಪಾಳೆ ಬಿತ್ತು. ದಫೇದಾರ ಲಾಠಿ ಎತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದರೂ ಅದು ನಿಲ್ಲಲಿಲ್ಲ. ಇಷ್ಟು ಜೋರಾಗಿ ಯಾರಿಗೆ ತಟ್ಟುತ್ತಿದ್ದಾರೆಂದು ನನಗೆ ಅನುಮಾನ ಬಂದು ಹಿಂದೆ ತಿರುಗಿ ನೋಡಿದೆ. ನನ್ನ ಮಂಡಿಯ ಗೋಡೆ ಬಿಟ್ಟು ಅಲ್ಲಿ ಇನ್ನಾರೂ ಇರಲಿಲ್ಲ.